ಜಿ ಬೆಲೆ 10.8 ಬಂದರೆ ಎಲ್ಲಿ ಹುಡುಕಬೇಕು? ಶಾಲಾ ಪ್ರಯೋಗಗಳಲ್ಲಿ ಅಳತೆಯ ದೋಷಗಳು

ಉತ್ತರ ಕನ್ನಡದಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳು. ಎರಡು ಕಡೆಯೂ ಪಠ್ಯಪುಸ್ತಕ ಒಂದೇ, ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬ ಸಾಲೂ ಒಂದೇ. ಕಡಲಿನ ಮಟ್ಟದಲ್ಲಿರುವ ಕಾರವಾರದ ಪ್ರಯೋಗಾಲಯದಲ್ಲಿ ಥರ್ಮಾಮೀಟರ್ ನೂರರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಘಟ್ಟದ ಮೇಲೆ, ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ ಅದು 98ರ ಹತ್ತಿರವೇ ನಿಂತುಬಿಡುತ್ತದೆ; ಉರಿ ಎಷ್ಟು ಜೋರು ಮಾಡಿದರೂ ಮೇಲೇರುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುವುದೇ ಇದಕ್ಕೆ ಕಾರಣ.

ಶಿರಸಿಯ ವಿದ್ಯಾರ್ಥಿ ಇಲ್ಲಿ ಏನು ಬರೆಯುತ್ತಾನೆ ಎಂಬುದು ಮುಖ್ಯ. 98 ಎಂದು ಬರೆದರೆ ಅವನ ಕೈಯಲ್ಲಿ ಒಂದು ನಿಜವಾದ ಅಳತೆ ಇದೆ. ಪುಸ್ತಕದಲ್ಲಿದೆ ಎಂದು 100 ಬರೆದರೆ ಅಳತೆಯೂ ಹೋಯಿತು, ಅದು ಹೇಳಬೇಕಾಗಿದ್ದ ವಿಜ್ಞಾನವೂ ಹೋಯಿತು. ಪುಸ್ತಕದ ಉತ್ತರಕ್ಕೂ ನಮ್ಮ ಉತ್ತರಕ್ಕೂ ಇರುವ ವ್ಯತ್ಯಾಸವನ್ನೆಲ್ಲ ದೋಷ ಎಂದು ಕರೆಯುವ ಅಭ್ಯಾಸ ಶಾಲೆಗಳಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ. ಪುಸ್ತಕದ ಉತ್ತರ ಗೊತ್ತಿಲ್ಲದಿದ್ದರೂ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನನ್ನ ಉತ್ತರದಲ್ಲಿ ಎಷ್ಟನ್ನು ನಂಬಬಹುದು, ಆ ಅನುಮಾನದ ಬಹುಪಾಲು ಯಾವ ಅಳತೆಯಿಂದ ಬಂತು?

ಮೊದಲು ಮೂರು ಸಂಗತಿಗಳನ್ನು ಬೇರೆ ಮಾಡಿಕೊಳ್ಳಬೇಕು. ಎಣಿಕೆ ತಪ್ಪುವುದು, 2.46 ಅನ್ನು 2.64 ಎಂದು ಬರೆಯುವುದು ಎಡವಟ್ಟು. ಅದನ್ನು ಕಂಡುಹಿಡಿದು ಮತ್ತೆ ಅಳೆಯಬೇಕು, ಅಷ್ಟೇ. ಒಂದೇ ವಸ್ತುವನ್ನು ಐದು ಸಲ ಅಳೆದಾಗ ಐದು ರೀಡಿಂಗ್‌ಗಳು ಅತ್ತಿತ್ತ ಚದುರುವುದು ಯಾದೃಚ್ಛಿಕ ದೋಷ. ಇದು ಸರಾಸರಿಯಿಂದ ಕಡಿಮೆಯಾಗುತ್ತದೆ, ಆದರೆ ನಿಧಾನವಾಗಿ: ಸರಾಸರಿಯಲ್ಲಿ ಉಳಿಯುವ ದೋಷವನ್ನು ಅರ್ಧ ಮಾಡಲು ನಾಲ್ಕು ಪಟ್ಟು, ಹತ್ತರಲ್ಲಿ ಒಂದು ಮಾಡಲು ನೂರು ಪಟ್ಟು ರೀಡಿಂಗ್ ಬೇಕು. ಮೂರನೆಯದು ವ್ಯವಸ್ಥಿತ ದೋಷ. ಎಲ್ಲ ರೀಡಿಂಗ್‌ಗಳೂ ಒಂದೇ ದಿಕ್ಕಿಗೆ ಸರಿದಿರುತ್ತವೆ. ಐದು ನಿಮಿಷ ಮುಂದಿರುವ ಗಡಿಯಾರವನ್ನು ಹತ್ತು ಸಲ ನೋಡಿ ಸರಾಸರಿ ತೆಗೆದರೂ ಅದು ಐದು ನಿಮಿಷ ಮುಂದೆಯೇ. ಪ್ರಾಕ್ಟಿಕಲ್ ಪುಸ್ತಕದ ಕೊನೆಗೆ ರೂಢಿಯಂತೆ ಬರೆಯುವ ‘ಹೆಚ್ಚು ರೀಡಿಂಗ್ ತೆಗೆದುಕೊಂಡರೆ ದೋಷ ಕಡಿಮೆಯಾಗುತ್ತದೆ’ ಎಂಬ ವಾಕ್ಯ ಎರಡನೆಯ ಬಗೆಗೆ ಮಾತ್ರ ನಿಜ.

ಸರಳ ಲೋಲಕ: ಪಾಲು ಯಾರದ್ದು?

ಇದನ್ನೆಲ್ಲ ಕಲಿಯಲು ಸರಳ ಲೋಲಕಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ. ಬೇಕಾಗುವುದು ಒಂದು ಗುಂಡು, ದಾರ, ಸ್ಟ್ಯಾಂಡ್, ಮೀಟರ್ ಸ್ಕೇಲ್, ಸ್ಟಾಪ್‌ವಾಚ್. ಗುರುತ್ವ ವೇಗೋತ್ಕರ್ಷ, ಅಂದರೆ ಜಿ ಬೆಲೆ (ಪುಸ್ತಕದಲ್ಲಿ 9.8), ಸಿಗುವುದು ಹೀಗೆ: ಲೋಲಕದ ಉದ್ದವನ್ನು (ಮೀಟರ್‌ನಲ್ಲಿ) 39.48ರಿಂದ ಗುಣಿಸಿ, ಒಂದು ಆಂದೋಲನದ ಅವಧಿಯ (ಸೆಕೆಂಡ್‌ನಲ್ಲಿ) ವರ್ಗದಿಂದ ಭಾಗಿಸಬೇಕು.

ಉದ್ದ 1 ಮೀಟರ್ ಇದ್ದರೆ ಒಂದು ಆಂದೋಲನಕ್ಕೆ ಸುಮಾರು 2.01 ಸೆಕೆಂಡ್ ಹಿಡಿಯುತ್ತದೆ. ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ 0.2 ಸೆಕೆಂಡ್ ಹೆಚ್ಚುಕಡಿಮೆ ಆಗಬಹುದು ಎಂದಿಟ್ಟುಕೊಳ್ಳಿ. ಒಂದೇ ಆಂದೋಲನ ಅಳೆದರೆ ಅವಧಿಯಲ್ಲಿ ಶೇ. 10 ದೋಷ. ಸೂತ್ರದಲ್ಲಿ ಅವಧಿಯ ವರ್ಗ ಇರುವುದರಿಂದ ಜಿ ಬೆಲೆಯಲ್ಲಿ ಅದು ಎರಡು ಪಟ್ಟಾಗಿ ಶೇ. 20. ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಅಳೆದರೆ ಅದೇ 0.2 ಸೆಕೆಂಡ್ 40 ಸೆಕೆಂಡಿನ ಮೇಲೆ ಹಂಚಿಹೋಗುತ್ತದೆ: ಅವಧಿಯಲ್ಲಿ ಶೇ. 0.5, ಜಿ ಬೆಲೆಯಲ್ಲಿ ಶೇ. 1. ಐವತ್ತು ಅಳೆದರೆ ಶೇ. 0.4.

ಈಗ ಉದ್ದ ನೋಡೋಣ. ಮೀಟರ್ ಸ್ಕೇಲಿನ ಅತಿ ಚಿಕ್ಕ ಗೆರೆ 1 ಮಿ.ಮೀ. ಗುಂಡಿನ ಕೇಂದ್ರ ಎಲ್ಲಿದೆ ಎಂದು ಗುರುತಿಸುವಾಗಿನ ಅನುಮಾನ ಸೇರಿಸಿ 2 ಮಿ.ಮೀ. ಎನ್ನಿ, ಅದು ಶೇ. 0.2. ಉದ್ದಕ್ಕೆ ವರ್ಗವಿಲ್ಲ, ಹಾಗಾಗಿ ಶೇ. 0.2 ಆಗಿಯೇ ಉಳಿಯುತ್ತದೆ. ಅಂದರೆ 20 ಆಂದೋಲನ ಎಣಿಸುವಾಗ ದೋಷದ ಸಿಂಹಪಾಲು ಸಮಯದ್ದು. ಅಂಥ ಹೊತ್ತಿನಲ್ಲಿ ದಾರದ ಉದ್ದವನ್ನು ಅರ್ಧ ಮಿಲಿಮೀಟರ್‌ವರೆಗೆ ಅಳೆಯಲು ಹತ್ತು ನಿಮಿಷ ಕಳೆಯುವುದು ವ್ಯರ್ಥ. ಆ ಹತ್ತು ನಿಮಿಷದಲ್ಲಿ ಇನ್ನೂ ಮೂವತ್ತು ಆಂದೋಲನ ಎಣಿಸಬಹುದಿತ್ತು. ಪ್ರಯೋಗ ಶುರು ಮಾಡುವ ಮೊದಲೇ ಈ ಲೆಕ್ಕವನ್ನು ಕಾಗದದ ಮೂಲೆಯಲ್ಲಿ ಮಾಡಿಕೊಳ್ಳುವ ಅಭ್ಯಾಸ ಬಂದರೆ ಅರ್ಧ ಪ್ರಯೋಗ ಮುಗಿದಂತೆ.

ಸಮಯವನ್ನು ಅಳೆಯುವ ಜಾಗವೂ ಮುಖ್ಯ. ಗುಂಡು ಒಂದು ತುದಿಗೆ ಬಂದಾಗ ಸ್ಟಾಪ್‌ವಾಚ್ ಒತ್ತುವವರು ಬಹಳ. ತುದಿಯಲ್ಲಿ ಗುಂಡು ಬಹುತೇಕ ನಿಂತೇ ಇರುತ್ತದೆ, ಯಾವ ಕ್ಷಣಕ್ಕೆ ತಿರುಗಿತೆಂದು ಹೇಳಲಾಗದು. ನಡುವಿನ ಬಿಂದುವಿನಲ್ಲಿ ಅದರ ವೇಗ ಅತಿ ಹೆಚ್ಚು. ಅಲ್ಲಿ ಹಿಂದಿನ ಗೋಡೆಯ ಮೇಲೆ ಚಾಕ್‌ಪೀಸಿನ ಗೆರೆ ಎಳೆದು, ಗುಂಡು ಆ ಗೆರೆಯನ್ನು ಒಂದೇ ದಿಕ್ಕಿನಲ್ಲಿ ದಾಟುವಾಗ ಒತ್ತಿ. ಎಣಿಕೆಯನ್ನು ‘ಮೂರು, ಎರಡು, ಒಂದು, ಸೊನ್ನೆ’ ಎಂದು ಶುರು ಮಾಡಿ ಸೊನ್ನೆಗೆ ವಾಚ್ ಚಾಲೂ ಮಾಡಬೇಕು.

‘ಒಂದು’ ಎಂದು ಹೇಳುತ್ತಾ ಚಾಲೂ ಮಾಡಿದರೆ ಇಪ್ಪತ್ತು ಎನ್ನುವ ಹೊತ್ತಿಗೆ ಆಗಿರುವುದು ಹತ್ತೊಂಬತ್ತೇ ಆಂದೋಲನ. ಆಗ ಅವಧಿ ಶೇ. 5 ಕಡಿಮೆ ಬಂದು ಜಿ ಬೆಲೆ 10.8ಕ್ಕೆ ಹಾರುತ್ತದೆ. ವಿದ್ಯಾರ್ಥಿಯ ಉತ್ತರ 10.8 ಎಂದಿದ್ದರೆ ಶಿಕ್ಷಕರು ಮೊದಲು ಕೇಳಬೇಕಾದದ್ದು ‘ಎಣಿಕೆ ಎಲ್ಲಿಂದ ಶುರು ಮಾಡಿದೆ?’ ಎಂದು. ಉತ್ತರ 9.45ರ ಹತ್ತಿರ ಬಂದಿದ್ದರೆ ಗುಂಡನ್ನು ತೀರಾ ಅಗಲಕ್ಕೆ ಎಳೆದು ಬಿಟ್ಟಿರುವ ಸಂಭವ ಹೆಚ್ಚು. ನಾವು ಬಳಸುವ ಸೂತ್ರ ಚಿಕ್ಕ ಕೋನಕ್ಕೆ ಮಾತ್ರ ಸರಿ. 10 ಡಿಗ್ರಿಗೆ ಅವಧಿ ಹೆಚ್ಚುವುದು ಶೇ. 0.2ರಷ್ಟೇ, 30 ಡಿಗ್ರಿಗೆ ಶೇ. 1.7. ಒಂದು ಮೀಟರ್ ದಾರಕ್ಕೆ ಗುಂಡನ್ನು ಪಕ್ಕಕ್ಕೆ ಒಂದು ಗೇಣಿಗಿಂತ ಕಡಿಮೆ, ಅಂದರೆ 15 ಸೆಂ.ಮೀ. ಒಳಗೆ ಎಳೆದರೆ ಸಾಕು. ಇನ್ನು 9.68 ಬಂದಿದ್ದರೆ? ದಾರವನ್ನು ಗುಂಡಿನ ತಲೆಯವರೆಗೆ ಮಾತ್ರ ಅಳೆದು 1 ಸೆಂ.ಮೀ. ತ್ರಿಜ್ಯವನ್ನು ಸೇರಿಸಲು ಮರೆತಿರಬಹುದು.

ಈ ಕೊನೆಯದು ಅಪ್ಪಟ ವ್ಯವಸ್ಥಿತ ದೋಷ, ಸರಾಸರಿ ಇದನ್ನು ಮುಟ್ಟುವುದಿಲ್ಲ. ಗ್ರಾಫ್ ಮುಟ್ಟುತ್ತದೆ. ಉದ್ದವನ್ನು 60, 70, 80, 90, 100 ಸೆಂ.ಮೀ. ಎಂದು ಬದಲಿಸುತ್ತಾ, ಅವಧಿಯ ವರ್ಗವನ್ನು ಉದ್ದದ ಎದುರು ಗುರುತಿಸಿ. ಪ್ರತಿ ಉದ್ದದಲ್ಲೂ 1 ಸೆಂ.ಮೀ. ಬಿಟ್ಟುಹೋಗಿದ್ದರೆ ಇಡೀ ಗೆರೆ ಪಕ್ಕಕ್ಕೆ ಸರಿಯುತ್ತದೆ, ಆದರೆ ಅದರ ಓಟ (ಇಳಿಜಾರು) ಬದಲಾಗುವುದಿಲ್ಲ. ಒಂದು ಮೀಟರಿಗೆ ಸುಮಾರು 4.04 ಸೆಕೆಂಡ್ ವರ್ಗದಂತೆ ಏರುವ ಆ ಓಟದಿಂದ 39.48ನ್ನು ಭಾಗಿಸಿದರೆ ಜಿ ಬೆಲೆ ಸರಿಯಾಗಿಯೇ ಸಿಗುತ್ತದೆ. ಗೆರೆ ಮೂಲಬಿಂದುವಿನ ಮೂಲಕ ಹಾಯದೆ, ಉದ್ದದ ಅಕ್ಷವನ್ನು ಸೊನ್ನೆಗಿಂತ 1 ಸೆಂ.ಮೀ. ಹಿಂದೆ ಕಡಿಯುವುದು ನಾವು ಎಷ್ಟು ಬಿಟ್ಟೆವೆಂಬುದನ್ನೂ ತೋರಿಸುತ್ತದೆ. ಗೆರೆಯನ್ನು ಬಲವಂತವಾಗಿ ಮೂಲಬಿಂದುವಿಗೆ ಎಳೆದು ಮುಟ್ಟಿಸುವವರು ಈ ಸಾಕ್ಷ್ಯವನ್ನೇ ಅಳಿಸಿಬಿಡುತ್ತಾರೆ.

ಕರಾವಳಿಯ ಹವೆಗೆ ಸಂಬಂಧಿಸಿದ ಒಂದೆರಡು ಮಾತು. ಹತ್ತಿಯ ದಾರ ಮಳೆಗಾಲದ ತೇವ ಹೀರಿಕೊಂಡು ಉದ್ದ ಬದಲಿಸುತ್ತದೆ. ಗಾಳದ ನೈಲಾನ್ ದಾರ ಭಾರಕ್ಕೆ ಹಿಗ್ಗುತ್ತದೆ. ಯಾವುದೇ ದಾರವಾದರೂ ಗುಂಡು ತೂಗಿದ ಸ್ಥಿತಿಯಲ್ಲೇ, ಆಂದೋಲನ ಎಣಿಸುವ ಸ್ವಲ್ಪ ಮೊದಲು ಅಳೆಯಿರಿ. ದಾರವನ್ನು ಸ್ಟ್ಯಾಂಡಿನ ಸರಳಿಗೆ ಸುತ್ತಿ ಗಂಟು ಹಾಕಿದರೆ ತೂಗಾಡುವಾಗ ಸರಳಿಗೆ ಸುತ್ತಿ ಬಿಚ್ಚಿ ಉದ್ದ ಬದಲಾಗುತ್ತದೆ. ಸೀಳಿದ ಬಿರಡೆಯ ನಡುವೆ ಸಿಕ್ಕಿಸಿ ಬಿಗಿದರೆ ತೂಗುವ ಬಿಂದು ಒಂದೇ ಕಡೆ ಉಳಿಯುತ್ತದೆ. ಫ್ಯಾನ್ ಆರಿಸಿ, ಕಡಲಗಾಳಿ ಬರುವ ಕಿಟಕಿ ಮುಚ್ಚಿ.

ಇಷ್ಟೆಲ್ಲ ಮಾಡಿದ ಮೇಲೆ ಕಾರವಾರದಲ್ಲಿ ಎಷ್ಟು ಬರಬೇಕು? ಸುಮಾರು 9.78. ಪುಸ್ತಕದ 9.8 ಎರಡು ಅಂಕಿಗೆ ದುಂಡಾಗಿಸಿದ ಸಂಖ್ಯೆ, 9.81 ನಮಗಿಂತ ಬಹಳ ಉತ್ತರದ ದೇಶಗಳಿಗೆ ಹೊಂದುವ ಬೆಲೆ. ಸಮಭಾಜಕಕ್ಕೆ ಹತ್ತಿರ ಬಂದಂತೆ ಜಿ ಕಡಿಮೆಯಾಗುತ್ತದೆ. 1672ರಲ್ಲಿ ಫ್ರಾನ್ಸಿನ ಜ್ಯಾಂ ರಿಶೇ ದಕ್ಷಿಣ ಅಮೆರಿಕದ ಕಾಯೆನ್‌ಗೆ ಹೋದಾಗ, ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿದೆ ಎಂದು ಅವರು ಕೈಬಿಡಲಿಲ್ಲ, ತಿಂಗಳುಗಟ್ಟಲೆ ಅಳೆದರು. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ ಎಂಬ ನ್ಯೂಟನ್ನರ ವಾದಕ್ಕೆ ಆ ಅಳತೆ ಆಧಾರವಾಯಿತು. ಕಾರವಾರಕ್ಕೂ ಶಿರಸಿಗೂ ಇರುವ ವ್ಯತ್ಯಾಸವಾದರೋ ಶೇ. 0.02ರಷ್ಟು ಮಾತ್ರ, ಶಾಲೆಯ ಸ್ಟಾಪ್‌ವಾಚಿಗೆ ಅದು ಸಿಗುವಂಥದ್ದಲ್ಲ.

ಕಡಲ ನೀರಿನಿಂದ ಉಪ್ಪು

ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದ ಮಕ್ಕಳಿಗೆ ಈ ಪ್ರಯೋಗ ತಾನಾಗಿಯೇ ಹಿಡಿಸುತ್ತದೆ: 100 ಮಿ.ಲೀ. ಕಡಲ ನೀರನ್ನು ಇಂಗಿಸಿ ಎಷ್ಟು ಉಪ್ಪು ಸಿಗುತ್ತದೆ ನೋಡುವುದು. ತೆರೆದ ಕಡಲಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ, ಹಾಗಾಗಿ 3.5 ಗ್ರಾಂ ನಿರೀಕ್ಷೆ. ನೀರು ಎಲ್ಲಿಂದ, ಯಾವಾಗ ತಂದದ್ದು ಎಂಬುದನ್ನು ಬರೆಯದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಮಳೆಗಾಲದಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ ತುಂಬಿದ ನೀರು ಬಹುಪಾಲು ಸಿಹಿನೀರೇ. ಭರತ ಇಳಿತಗಳಿಂದಲೂ ವ್ಯತ್ಯಾಸವಾಗುತ್ತದೆ. ಇದು ಉಪಕರಣದ ದೋಷವಲ್ಲ, ಮಾದರಿ ಆರಿಸುವಾಗಿನದು.

ತೂಕದ ಲೆಕ್ಕ ಮೊದಲು. ತಕ್ಕಡಿ 0.1 ಗ್ರಾಂ ವರೆಗೆ ತೋರಿಸುತ್ತದೆ ಎನ್ನಿ. ಖಾಲಿ ಪಿಂಗಾಣಿ ಬಟ್ಟಲು 62.4 ಗ್ರಾಂ, ಉಪ್ಪಿನ ಸಮೇತ 66.0 ಗ್ರಾಂ, ಉಪ್ಪು 3.6 ಗ್ರಾಂ. ಎರಡೂ ತೂಕಗಳಲ್ಲಿ 0.1 ಗ್ರಾಂ ಅನುಮಾನವಿದ್ದರೆ ಕಳೆದಾಗ ಅವು ಕೂಡಿಕೊಂಡು 0.2 ಆಗುತ್ತವೆ, ಕಳೆಯುವಾಗ ಸಂಖ್ಯೆಗಳು ಕರಗುತ್ತವೆ, ದೋಷಗಳು ಕರಗುವುದಿಲ್ಲ. 66 ಗ್ರಾಂನಲ್ಲಿ 0.1 ಏನೂ ಅಲ್ಲ, 3.6ರಲ್ಲಿ 0.2 ಎಂದರೆ ಶೇ. 5ಕ್ಕಿಂತ ಹೆಚ್ಚು. ಇದರ ಪಕ್ಕದಲ್ಲಿ 100 ಮಿ.ಲೀ. ಅಳತೆ ಜಾಡಿಯ ಶೇ. 1 ದೋಷ ಚಿಕ್ಕದು. ಉಪಾಯ ಸುಲಭ: 500 ಮಿ.ಲೀ. ನೀರು ತೆಗೆದುಕೊಂಡು ಸ್ವಲ್ಪಸ್ವಲ್ಪವಾಗಿ ಅದೇ ಬಟ್ಟಲಿಗೆ ಹಾಕುತ್ತಾ ಇಂಗಿಸಿದರೆ ಉಪ್ಪು 17–18 ಗ್ರಾಂ ಆಗಿ ತೂಕದ ದೋಷ ಶೇ. 1ರ ಹತ್ತಿರಕ್ಕೆ ಇಳಿಯುತ್ತದೆ. ನೀರನ್ನು ಬೀಕರಿನ ಗೆರೆ ನೋಡಿ ಮಾತ್ರ ಅಳೆಯಬೇಡಿ. ಆ ಗೆರೆಗಳು ಅಂದಾಜಿಗಷ್ಟೇ, ಶೇ. 5ರಷ್ಟು ಹೆಚ್ಚುಕಡಿಮೆ ಇರುತ್ತವೆ. ಜಾಡಿಯಲ್ಲಾದರೂ ನೀರಿನ ಮೇಲ್ಮೈಯ ಬಾಗಿದ ಭಾಗದ ತಳವನ್ನು, ಕಣ್ಣನ್ನು ಅದೇ ಮಟ್ಟಕ್ಕೆ ಇಳಿಸಿ ಓದಬೇಕು. ನಿಂತು ಮೇಲಿನಿಂದ ಓದಿದರೆ ರೀಡಿಂಗ್ ಹೆಚ್ಚು ಬರುತ್ತದೆ, ಪ್ರತಿ ಸಲವೂ ಹೆಚ್ಚೇ.

ತಕ್ಕಡಿಗಿಂತ ದೊಡ್ಡ ತೊಂದರೆ ಎರಡಿವೆ. ನೀರು ಗಟ್ಟಿಯಾಗುತ್ತಾ ಬಂದಂತೆ ಉಪ್ಪಿನ ಹರಳುಗಳು ಚಟಚಟ ಸಿಡಿದು ಹೊರಗೆ ಬೀಳುತ್ತವೆ. ತೂಕ ಕಡಿಮೆ ಬರುತ್ತದೆ. ಕೊನೆಯ ಹಂತದಲ್ಲಿ ಉರಿ ತಗ್ಗಿಸಿ, ಬಟ್ಟಲನ್ನು ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು ಆವಿಯಿಂದಲೇ ಒಣಗಿಸಿ, ಮೇಲೆ ಗಾಜಿನ ಆಲಿಕೆಯನ್ನು ಬೋರಲು ಹಾಕಿ. ಇದರ ಎದುರು ದಿಕ್ಕಿನದು ತೇವ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳ ಕರಾವಳಿಯಲ್ಲಿ ಬಟ್ಟಲನ್ನು ತೆರೆದಿಟ್ಟು ಆರಿಸಿದರೆ ತಕ್ಕಡಿಯ ಮೇಲೆಯೇ ಅಂಕಿ ನಿಧಾನವಾಗಿ ಏರುವುದು ಕಾಣುತ್ತದೆ. ಸಿಲಿಕಾ ಜೆಲ್ ಹಾಕಿದ, ಬಾಯಿ ಭದ್ರವಾದ ಡಬ್ಬಿಯೊಳಗೆ ಆರಿಸಿ, ತೆಗೆದ ಕೂಡಲೇ ತೂಗಿ. ಮತ್ತೆ ಒಣಗಿಸಿ ತೂಗಿ. ಎರಡು ತೂಕಗಳು ಒಂದೇ ಬರುವವರೆಗೆ ಇದನ್ನು ಮಾಡಬೇಕು. ಬಿಸಿ ಬಟ್ಟಲನ್ನು ಹಾಗೇ ತಕ್ಕಡಿಯ ಮೇಲಿಡಬಾರದು. ಅದರಿಂದ ಏಳುವ ಬಿಸಿಗಾಳಿ ತಟ್ಟೆಯನ್ನು ಎತ್ತಿ ತೂಕ ಕಡಿಮೆ ತೋರಿಸುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ಹರಳುಗಳೊಳಗೆ ಸ್ವಲ್ಪ ನೀರು ಬಂಧಿಯಾಗಿಯೇ ಇರುತ್ತದೆ. ಕಡಲ ವಿಜ್ಞಾನಿಗಳು ಲವಣಾಂಶವನ್ನು ಇಂಗಿಸಿ ತೂಗದೆ ನೀರಿನ ವಿದ್ಯುತ್ ವಾಹಕತೆಯಿಂದ ಅಳೆಯುವುದಕ್ಕೆ ಇದೂ ಒಂದು ಕಾರಣ.

ಉಪಕರಣವನ್ನೇ ಮೊದಲು ಪರೀಕ್ಷಿಸುವುದು

0.01 ಸೆಂ.ಮೀ. ವರೆಗೆ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಬಂದ ಕೂಡಲೇ ದವಡೆಗಳನ್ನು ಮುಚ್ಚಿ ನೋಡಿ. ವರ್ನಿಯರಿನ ಸೊನ್ನೆ ಮುಖ್ಯ ಸ್ಕೇಲಿನ ಸೊನ್ನೆಯ ಬಲಕ್ಕಿದ್ದು ಮೂರನೆಯ ಗೆರೆ ಕೂಡಿದರೆ ಶೂನ್ಯ ದೋಷ +0.03 ಸೆಂ.ಮೀ.; ಪ್ರತಿ ರೀಡಿಂಗ್‌ನಿಂದ ಕಳೆಯಬೇಕು. ಎಡಕ್ಕಿದ್ದು ಏಳನೆಯ ಗೆರೆ ಕೂಡಿದರೆ ದೋಷ −0.07 ಎಂದು ಬಹಳ ಮಂದಿ ಬರೆಯುತ್ತಾರೆ. ಹತ್ತರಿಂದ ಏಳು ಕಳೆದು −0.03 ಎನ್ನುವುದು ಸರಿ. ಇದನ್ನು ರೀಡಿಂಗ್‌ಗೆ ಕೂಡಿಸಬೇಕು. 2.46 ಸೆಂ.ಮೀ. ವ್ಯಾಸದಲ್ಲಿ 0.03 ಅಷ್ಟೇನೂ ಅಲ್ಲ ಅನಿಸಬಹುದು. ಗೋಳದ ಗಾತ್ರಕ್ಕೆ ವ್ಯಾಸವನ್ನು ಮೂರು ಸಲ ಗುಣಿಸುವುದರಿಂದ ಅದು ಶೇ. 3.7ರ ದೋಷವಾಗಿ ಬೆಳೆಯುತ್ತದೆ.

ಶಿರಸಿಯ ಕಡೆ ಗೋಲಿಯ ಬದಲು ಚಾಲಿ ಅಡಿಕೆಯನ್ನೇ ಅಳೆಯಲು ಕೊಡಬಹುದು, ಕೊಟ್ಟರೆ ಒಳ್ಳೆಯದೇ. ತಿರುಗಿಸಿ ತಿರುಗಿಸಿ ಅಳೆದರೆ ಒಂದೇ ಅಡಿಕೆಯ ವ್ಯಾಸ ಒಂದೊಂದು ಕಡೆ ಒಂದೊಂದು ಬರುತ್ತದೆ, ವ್ಯತ್ಯಾಸ 0.01 ಸೆಂ.ಮೀ.ಗಿಂತ ಎಷ್ಟೋ ಪಾಲು ಹೆಚ್ಚು. ಅಲ್ಲಿ ಚದುರುತ್ತಿರುವುದು ಅಡಿಕೆಯ ಆಕಾರ, ಉಪಕರಣವಲ್ಲ. ಇನ್ನೂ ಸೂಕ್ಷ್ಮ ಉಪಕರಣ ತಂದರೂ ಪ್ರಯೋಜನವಿಲ್ಲ. ಕಾಳುಮೆಣಸಿನದು ಇನ್ನೂ ಸ್ವಾರಸ್ಯ. ಇಪ್ಪತ್ತು ಕಾಳುಗಳನ್ನು ಎರಡು ಸ್ಕೇಲ್‌ಗಳ ನಡುವೆ ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟು ಒಟ್ಟು ಉದ್ದ ಅಳೆದು ಇಪ್ಪತ್ತರಿಂದ ಭಾಗಿಸಿದರೆ, 1 ಮಿ.ಮೀ. ಗೆರೆಯ ಸಾದಾ ಸ್ಕೇಲಿನಿಂದಲೇ ಸರಾಸರಿ ವ್ಯಾಸ 0.05 ಮಿ.ಮೀ. ವರೆಗೆ ತಿಳಿಯುತ್ತದೆ.

ಸ್ಕ್ರೂ ಗೇಜಿನ ತಿರುಪು ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಗಿಯಾಗುತ್ತದೆ, ಸವೆದರೆ ಸಡಿಲವಾಗುತ್ತದೆ. ಸಡಿಲ ತಿರುಪನ್ನು ಹಿಂದೆಮುಂದೆ ತಿರುಗಿಸಿ ಹೊಂದಿಸಿದರೆ ತಲೆ ತಿರುಗಿದರೂ ತುದಿ ಕದಲದ ಅಂತರವೊಂದು ರೀಡಿಂಗ್‌ನಲ್ಲಿ ಸೇರುತ್ತದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು, ಕೊನೆಗೆ ರ್‍ಯಾಚೆಟ್ಟನ್ನೇ ಹಿಡಿದು ಕಟಕಟ ಎನ್ನುವವರೆಗೆ ತಿರುಗಿಸಿ ನಿಲ್ಲಿಸಿ. ಓಮ್ ನಿಯಮದ ಪ್ರಯೋಗದಲ್ಲೂ ಇದೇ ತುಕ್ಕು ಬೇರೆ ರೂಪದಲ್ಲಿ ಕಾಡುತ್ತದೆ: 1 ಓಮ್ ತಂತಿಗೆ ಕೊಳೆಯಾದ ಟರ್ಮಿನಲ್‌ಗಳಿಂದ 0.1 ಓಮ್ ಸೇರಿಕೊಂಡರೆ ಶೇ. 10 ಹೋಯಿತು. ತುದಿಗಳನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ವೋಲ್ಟ್‌ಮೀಟರಿನ ತಂತಿಗಳನ್ನು ಅಳೆಯಬೇಕಾದ ತಂತಿಗೇ ನೇರ ಕಟ್ಟಿ. ರೀಡಿಂಗ್ ತೆಗೆಯುವಾಗ ಮಾತ್ರ ಕೀ ಹಾಕಿ. ಹಾಗೇ ಬಿಟ್ಟರೆ ತಂತಿ ಕಾಯ್ದು ರೋಧ ಏರುತ್ತದೆ.

ಥರ್ಮಾಮೀಟರಿನ ಸೊನ್ನೆಯನ್ನು ಕರಗುತ್ತಿರುವ ಐಸ್‌ನಲ್ಲಿ ಪರೀಕ್ಷಿಸುವಾಗ ಬೈತಖೋಲದಂಥ ಬಂದರಿನಲ್ಲಿ ಮೀನಿಗೆ ಹಾಕಿದ್ದ ಐಸ್ ಬೇಡ. ಉಪ್ಪು ತಾಗಿದ ಐಸ್ ಸೊನ್ನೆಗಿಂತ ಕೆಳಗೆ ಕರಗುತ್ತದೆ, ಸರಿಯಾದ ಥರ್ಮಾಮೀಟರನ್ನೇ ತಪ್ಪೆಂದು ತಿದ್ದಿಬಿಡುವ ಅಪಾಯವಿದೆ. ಕುಡಿಯುವ ನೀರಿನಿಂದ ಮಾಡಿದ ಐಸ್ ಪುಡಿ ಮಾಡಿ, ಸ್ವಲ್ಪ ನೀರು ಸೇರಿಸಿ ಕಲಕಿ ಬಳಸಿ.

ಪೀನ ಮಸೂರದ ಸಂಗಮದೂರವನ್ನು ದೂರದ ವಸ್ತುವಿನಿಂದ ಅಳೆಯುವಾಗ ‘ದೂರ’ ಎಂದರೆ ಎಷ್ಟು? 15 ಸೆಂ.ಮೀ. ಸಂಗಮದೂರದ ಮಸೂರಕ್ಕೆ 5 ಮೀಟರ್ ಆಚೆಯ ತೆಂಗಿನ ಮರವನ್ನು ಆರಿಸಿಕೊಂಡರೆ ಬಿಂಬ 15.46 ಸೆಂ.ಮೀ.ನಲ್ಲಿ ಮೂಡುತ್ತದೆ. ಶೇ. 3 ದೋಷ, ಯಾವಾಗಲೂ ಹೆಚ್ಚಿನ ಕಡೆಗೇ. 50 ಮೀಟರಿಗೆ ಇದು ಶೇ. 0.3. ಕಾರವಾರದ ದಂಡೆಯಲ್ಲಿ ದೇವಗಡ ದ್ವೀಪದ ದೀಪಸ್ತಂಭವನ್ನೋ, ಶಿರಸಿಯಲ್ಲಿ ಎದುರಿನ ಸೊಪ್ಪಿನ ಬೆಟ್ಟದ ಅಂಚನ್ನೋ ಹಿಡಿದರೆ ಈ ದೋಷ ಲೆಕ್ಕಕ್ಕೇ ಬರುವುದಿಲ್ಲ.

ಬರೆಯುವ ರೀತಿ

ಕ್ಯಾಲ್ಕುಲೇಟರ್ 9.784316 ಎಂದು ತೋರಿಸಿತೆಂದು ಅಷ್ಟನ್ನೂ ಬರೆಯುವುದು ಅಳೆಯದ್ದನ್ನು ಅಳೆದೆ ಎಂದು ಹೇಳಿದಂತೆ. 20 ಆಂದೋಲನದ ಪ್ರಯೋಗದಲ್ಲಿ ಒಟ್ಟು ದೋಷ ಶೇ. 1.2, ಅಂದರೆ 0.1, ಆದ್ದರಿಂದ 9.8 ± 0.1. ಐವತ್ತು ಆಂದೋಲನದಲ್ಲಿ ಶೇ. 0.6, ಆಗ 9.78 ± 0.06. ಇಂಥ ಎರಡು ಫಲಿತಾಂಶಗಳನ್ನು ಹೋಲಿಸುವುದೂ ಈಗ ಸುಲಭ. ಒಬ್ಬರಿಗೆ 9.7 ± 0.1 ಬಂದಿದೆ ಎಂದರೆ ಅದು 9.78ರೊಡನೆ ಹೊಂದುತ್ತದೆ, ಪೂರ್ಣ ಅಂಕ ಕೊಡಬೇಕು. ಇನ್ನೊಬ್ಬರಿಗೆ 9.45 ± 0.06 ಬಂದಿದ್ದರೆ ಹೊಂದುವುದಿಲ್ಲ. ಲೆಕ್ಕಕ್ಕೆ ಸಿಗದ ವ್ಯವಸ್ಥಿತ ದೋಷ ಎಲ್ಲೋ ಕುಳಿತಿದೆ. ಅದನ್ನು ಹುಡುಕಿ ಕಂಡುಕೊಂಡ ವಿದ್ಯಾರ್ಥಿಗೂ ಪೂರ್ಣ ಅಂಕ ಸಲ್ಲಬೇಕು. ರೀಡಿಂಗ್‌ಗಳನ್ನು ಪೆನ್ನಿನಲ್ಲೇ ಬರೆಯಿಸಿ. ಒಂದನ್ನು ಕೈಬಿಡುವುದಾದರೆ ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಲಿ: ‘ದಾರ ಜಾರಿತು’, ‘ಎಣಿಕೆ ತಪ್ಪಿತು’. ಉಳಿದವುಗಳ ಜೊತೆ ಹೊಂದುತ್ತಿಲ್ಲ ಎಂಬುದು ಕಾರಣವಾಗಲಾರದು.

ಮಳೆಗಾಲವಿಡೀ ನಡೆಸಬಹುದಾದ ಒಂದು ಅಳತೆಯಿದೆ, ಮಳೆಮಾಪಕ. ಸೀಸೆಯ ಮೇಲೆ ಆಲಿಕೆ ಇಟ್ಟು, ಬಿದ್ದ ನೀರನ್ನು ಆಲಿಕೆಯ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಮಳೆಯ ಪ್ರಮಾಣ. 10 ಸೆಂ.ಮೀ. ವ್ಯಾಸದ ಆಲಿಕೆಯನ್ನು 10.2 ಎಂದು ಅಳೆದರೆ ವಿಸ್ತೀರ್ಣ ಶೇ. 4 ಹೆಚ್ಚಾಗಿ, ಪ್ರತಿದಿನದ ಮಳೆ ಶೇ. 4 ಕಡಿಮೆ ದಾಖಲಾಗುತ್ತದೆ. 3,000 ಮಿ.ಮೀ. ಮಳೆ ಸುರಿಯುವ ಕರಾವಳಿಯಲ್ಲಿ ವರ್ಷಕ್ಕೆ ನೂರು ಮಿ.ಮೀ.ಗೂ ಹೆಚ್ಚು ಮಳೆ ಪುಸ್ತಕದಿಂದ ಮಾಯ, ದಿನಗಳು ಎಷ್ಟು ಕೂಡಿದರೂ ಸರಿಹೋಗದೆ. ವ್ಯಾಸವನ್ನು ನಾಲ್ಕು ದಿಕ್ಕಿನಲ್ಲಿ ವರ್ನಿಯರಿನಿಂದ ಒಂದು ಸಲ ಸರಿಯಾಗಿ ಅಳೆದರೆ ಸಾಕು. ಈ ಆಲಿಕೆಗೆ ಒಂದು ಲೀಟರ್ ಸೀಸೆ 127 ಮಿ.ಮೀ. ಮಳೆಗೆ ತುಂಬಿ ಹೊರಚೆಲ್ಲುತ್ತದೆ, ಜಡಿಮಳೆಯ ದಿನ ನಡುವೆ ಒಮ್ಮೆ ಅಳೆದು ಖಾಲಿ ಮಾಡಬೇಕು. ಮರ, ಮಾಡುಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರವಿಡಿ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೇ ರೀಡಿಂಗ್ ತೆಗೆಯಿರಿ. ಒಂದು ಶಾಲೆ 8.30ಕ್ಕೆ, ಇನ್ನೊಂದು 10ಕ್ಕೆ ಅಳೆದರೆ ಬೆಳಗಿನ ಜೋರು ಮಳೆ ಒಂದು ಕಡೆ ನಿನ್ನೆಯ ಲೆಕ್ಕಕ್ಕೂ ಇನ್ನೊಂದು ಕಡೆ ಇಂದಿನ ಲೆಕ್ಕಕ್ಕೂ ಹೋಗಿ, ಎರಡೂ ಊರುಗಳ ಅಂಕಿಗಳನ್ನು ಪಕ್ಕಪಕ್ಕ ಇಡಲು ಬರುವುದಿಲ್ಲ.